ಎಲಿಜಾ ಟಿಬೆಟ್ಸ್ ಅವರ ಎರಡು ಸಸಿಗಳು

ಹಣ್ಣಿನಂಗಡಿಯಲ್ಲಿ ಹೊಕ್ಕುಳಿರುವ, ಬೀಜವಿಲ್ಲದ ಕಿತ್ತಳೆಯನ್ನು ಕಂಡಾಗಲೆಲ್ಲ ನನಗೆ ಎಲಿಜಾ ಟಿಬೆಟ್ಸ್ ನೆನಪಾಗುತ್ತಾರೆ. 1823ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಜನಿಸಿದ ಆಕೆ ಸಸ್ಯವಿಜ್ಞಾನಿಯಲ್ಲ. ಗತಿಸಿದವರ ಆತ್ಮಗಳೊಡನೆ ಮಾತನಾಡಬಹುದೆಂದು ನಂಬಿದ್ದವರು. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಅಷ್ಟೇ ದೃಢವಾಗಿ ನಂಬಿದ್ದವರು. 1871ರಲ್ಲಿ ವಾಷಿಂಗ್ಟನ್ನಿನಲ್ಲಿ ಮತದಾರರಾಗಿ ಹೆಸರು ನೋಂದಾಯಿಸಲು ಮೆರವಣಿಗೆ ಹೋಗಿ ಬರಿಗೈಯಲ್ಲಿ ಮರಳಿದ ಸ್ತ್ರೀಯರಲ್ಲಿ ಆಕೆಯೂ ಒಬ್ಬರು.

ಅದೇ ನಗರದಲ್ಲಿ, ಕೃಷಿ ಇಲಾಖೆಯ ಗಾಜಿನ ಮನೆಯಲ್ಲಿ, ವಿಲಿಯಂ ಸಾಂಡರ್ಸ್ ಎಂಬ ತೋಟಗಾರಿಕಾ ತಜ್ಞರು ಬ್ರೆಜಿಲಿನ ಬಾಹಿಯಾದಿಂದ 1870ರಲ್ಲಿ ಬಂದ ಈ ತಳಿಯನ್ನು ವೃದ್ಧಿಪಡಿಸುತ್ತಿದ್ದರು. ಬೀಜವಿಲ್ಲದ ಹಣ್ಣಿಗೆ ಕಸಿಯಲ್ಲದೆ ವಂಶವಿಲ್ಲ. ಆ ಕೆಲಸವನ್ನು ನಾನು ನರ್ಸರಿಯೊಂದರಲ್ಲಿ ನಿಂತು ನೋಡಿದ್ದೇನೆ. ಬೇರೊಂದು ಜಾತಿಯ ಬೀಜದಿಂದ ಬೆಳೆಸಿದ ಸಸಿಯ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಒಳಗೆ ಕೂರಿಸಿ ಬಿಗಿದು ಕಟ್ಟುತ್ತಾರೆ. ಹಸಿ ಪದರಗಳು ಬೆಸೆದುಕೊಂಡ ಮೇಲೆ ಸಸಿಯ ತಲೆಯನ್ನು ಕತ್ತರಿಸುತ್ತಾರೆ. ಬೇರು ಒಂದರದು, ಫಲ ಇನ್ನೊಂದರದು.

ಸಾಂಡರ್ಸ್ ಕಳುಹಿಸಿದ ಅಂತಹ ಎರಡು ಸಸಿಗಳು 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿದ್ದ ಎಲಿಜಾ ಅವರ ಮನೆಯಂಗಳದಲ್ಲಿ ನೆಲೆಗೊಂಡವು. ನೀರು ದುರ್ಲಭವಾದ ಊರು. ಪಾತ್ರೆ ತೊಳೆದ ನೀರುಣಿಸಿ ಆಕೆ ಅವನ್ನು ಉಳಿಸಿದರೆಂಬುದು ಪ್ರತೀತಿ. ದಾಖಲೆ ಏನೇ ಹೇಳಲಿ, ನಲ್ಲಿಯ ಮುಂದೆ ಸರದಿ ನಿಂತು ಬಲ್ಲವರಿಗೆ ಅದು ಅಸಂಭವವೆನಿಸದು. ಕೆಲವೇ ವರ್ಷಗಳಲ್ಲಿ ಆ ಮರಗಳ ಕಣ್ಣುಗಳಿಗಾಗಿ ಬೆಳೆಗಾರರು ಮುಗಿಬಿದ್ದರು. ಒಂದು ಪ್ರಾಂತದ ಸಿರಿವಂತಿಕೆಯೇ ಅವುಗಳಿಂದ ಬೆಳೆಯಿತು.

ಟಿಬೆಟ್ಸ್ ದಂಪತಿಯ ಪಾಲಿಗೆ ಬಂದದ್ದು ಮಾತ್ರ ಬಡತನ. ವ್ಯಾಜ್ಯಪ್ರಿಯರಾದ ಪತಿ ಲೂಥರ್ ಆಸ್ತಿ ಕಳೆದುಕೊಂಡರು. 1898ರಲ್ಲಿ ಎಲಿಜಾ ತೀರಿಕೊಂಡರು. ಕ್ಯಾಲಿಫೋರ್ನಿಯಾದ ಸ್ತ್ರೀಯರಿಗೆ ಮತದ ಹಕ್ಕು ದೊರೆತದ್ದು 1911ರಲ್ಲಿ. ಹಣದ ನಷ್ಟಕ್ಕಿಂತ ಈ ಹದಿಮೂರು ವರ್ಷಗಳ ಅಂತರವೇ ನನ್ನನ್ನು ಹೆಚ್ಚು ಕಾಡುತ್ತದೆ.

ಎರಡು ಮರಗಳಲ್ಲಿ ಒಂದು 1920ರ ದಶಕದ ಆರಂಭದಲ್ಲಿ ಸತ್ತಿತು. ಇನ್ನೊಂದಕ್ಕೂ ಬುಡಕೊಳೆ ರೋಗ ತಗುಲಿದಾಗ, 1918ರಲ್ಲಿ, ಸುತ್ತ ಹೊಸ ಸಸಿಗಳನ್ನು ನೆಟ್ಟು ಅವುಗಳ ತುದಿಯನ್ನು ಕಾಂಡಕ್ಕೆ ಕಸಿ ಮಾಡಿ ಹೊಸ ಬೇರುಗಳನ್ನು ಕೊಡಲಾಯಿತು, 1951ರಲ್ಲಿ ಮತ್ತೊಮ್ಮೆ. ಕಿತ್ತಳೆಗೆ ಮಾರಕವಾದ ಹಸಿರುರೋಗವನ್ನು ಹರಡುವ ಕೀಟ ಸೋಕದಂತೆ ಈಚೆಗೆ ಅದರ ಸುತ್ತ ಬಲೆಯ ಮನೆ ಕಟ್ಟಿದ್ದಾರೆ. ರಿವರ್‌ಸೈಡಿನ ರಸ್ತೆಬದಿಯಲ್ಲಿ, ಆ ಬಲೆಯೊಳಗೆ, ಮರ ಇನ್ನೂ ಹಣ್ಣು ಬಿಡುತ್ತಿದೆ.