ನಾನ್ಸೆನ್ ಮತ್ತು ಸಾಗರ ಪ್ರವಾಹ

1881ರಲ್ಲಿ ಸೈಬೀರಿಯದ ಉತ್ತರಕ್ಕಿರುವ ಸಮುದ್ರದಲ್ಲಿ ಜೆನೆಟ್ ಎಂಬ ಅಮೆರಿಕದ ಹಡಗು ಹಿಮಬಂಡೆಗಳ ನಡುವೆ ಸಿಲುಕಿ ನುಚ್ಚುನೂರಾಯಿತು. ಮೂರು ವರ್ಷಗಳ ತರುವಾಯ ಅದರ ನಾವಿಕನೊಬ್ಬನ ಷರಾಯಿಯೂ ಇತರ ಅವಶೇಷಗಳೂ ಗ್ರೀನ್‌ಲೆಂಡಿನ ನೈಋತ್ಯ ತೀರದಲ್ಲಿ ದೊರೆತವು. ಧ್ರುವದ ಒಂದು ಮಗ್ಗುಲಲ್ಲಿ ಮುಳುಗಿದುದು ಮತ್ತೊಂದು ಮಗ್ಗುಲಿಗೆ ಬಂದುದು ಹೇಗೆ? ಹಿಮವನ್ನೇ ಹೊತ್ತೊಯ್ಯುವ ಪ್ರವಾಹವೊಂದು ಅಲ್ಲಿ ಇರಬೇಕೆಂದು ನಾರ್ವೆಯ ಹವಾಮಾನ ಶಾಸ್ತ್ರಜ್ಞ ಮೋನ್ ಊಹಿಸಿದನು. ಆ ಊಹೆಗಾಗಿ ಪ್ರಾಣವನ್ನೇ ಪಣವಾಗಿ ಒಡ್ಡಿದವನು ಅದೇ ನಾಡಿನ ಫ್ರಿಟ್ಯೋಫ್ ನಾನ್ಸೆನ್.

1861ರಲ್ಲಿ ಜನಿಸಿದ ನಾನ್ಸೆನ್ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದವನು. 1888ರಲ್ಲಿ ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮರಾಶಿಯನ್ನು ಅಡ್ಡಲಾಗಿ ದಾಟಿ ಹೆಸರಾದನು. ಬಳಿಕ ಆತನು ಮುಂದಿಟ್ಟ ಯೋಜನೆಯನ್ನು ಅನುಭವಿಗಳಾದ ಧ್ರುವಯಾತ್ರಿಕರು ಹುಚ್ಚು ಸಾಹಸವೆಂದು ಬಗೆದರು. ಹಡಗನ್ನು ಬೇಕೆಂದೇ ಹಿಮದಲ್ಲಿ ಸಿಲುಕಿಸಿ, ಪ್ರವಾಹವು ಒಯ್ದತ್ತ ತೇಲುವುದೇ ಆ ಯೋಜನೆ!

ಫ್ರಾಂ ಎಂಬ ಆ ಹಡಗಿನ ಒಡಲನ್ನು ಕಾಲಿನ್ ಆರ್ಚರ್ ದುಂಡಗೆ ಕಟ್ಟಿದನು. ಹಿಮವು ಇಕ್ಕೆಲಗಳಿಂದ ಅದುಮಿದಾಗ ಅದು ಒಡೆಯದೆ ಮೇಲಕ್ಕೇಳುತ್ತಿತ್ತು. 1893ರ ಜೂನ್ ತಿಂಗಳಲ್ಲಿ ಹೊರಟ ಹಡಗು ಸೆಪ್ಟೆಂಬರಿನಲ್ಲಿ ಹಿಮದ ಸೆರೆಯಾಯಿತು. ಅದರಲ್ಲಿದ್ದವರು 13 ಮಂದಿ. ಹಡಗು ಧ್ರುವವನ್ನು ಮುಟ್ಟಲಾರದೆಂದು ತಿಳಿದಾಗ, 1895ರ ಮಾರ್ಚಿಯಲ್ಲಿ ನಾನ್ಸೆನ್ ಯೋಹಾನ್ಸೆನ್ನನೊಡನೆ ನಾಯಿಬಂಡಿಗಳಲ್ಲಿ ಮುಂದುವರಿದು 86 ಡಿಗ್ರಿ 14 ಮಿನಿಟು ಅಕ್ಷಾಂಶದಿಂದ ಹಿಂದಿರುಗಿದನು. ಅಲ್ಲಿಯವರೆಗೆ ಯಾರೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಇಬ್ಬರೂ ಕರಡಿಯ ಮಾಂಸವನ್ನು ತಿಂದು, ಕಲ್ಲಿನ ಗುಡಿಸಲಿನಲ್ಲಿ ಒಂದು ಚಳಿಗಾಲವನ್ನು ಕಳೆದರು. 1896ರಲ್ಲಿ ಅವರೂ ಹಡಗೂ ಬೇರೆಬೇರೆಯಾಗಿ ಕ್ಷೇಮವಾಗಿ ಮರಳಿದುದು ಸೋಜಿಗವೇ ಸರಿ. 13 ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಆದರೆ ಈ ಯಾತ್ರೆಯ ನಿಜವಾದ ಗಳಿಕೆ ಬೇರೆ. ಹಿಮವು ಗಾಳಿ ಬೀಸಿದ ದಿಕ್ಕಿಗೇ ಚಲಿಸದೆ, ಅದರ ಬಲಕ್ಕೆ 20ರಿಂದ 40 ಡಿಗ್ರಿಗಳಷ್ಟು ಓರೆಯಾಗಿ ಸರಿಯುತ್ತಿದ್ದುದನ್ನು ನಾನ್ಸೆನ್ ಗಮನಿಸಿದ್ದನು. ಭೂಮಿಯ ಆವರ್ತನೆಯೇ ಇದಕ್ಕೆ ಕಾರಣವೆಂದು ಅರಿತು, ಗಣಿತದಿಂದ ಸಾಧಿಸುವ ಹೊಣೆಯನ್ನು ಸ್ವೀಡನ್ನಿನ ತರುಣ ಎಕ್‌ಮನ್ನನಿಗೆ ವಹಿಸಿದನು. ಗಾಳಿಯು ಮೇಲಿನ ನೀರನ್ನು ಎಳೆಯುತ್ತದೆ. ಆ ಪದರವು ತನ್ನ ಕೆಳಗಿನದನ್ನು ಎಳೆಯುತ್ತದೆ. ಕೆಳಗಿಳಿದಂತೆ ವೇಗ ಕುಗ್ಗಿ ಓರೆ ಹೆಚ್ಚುತ್ತದೆ. ಒಟ್ಟಿನಲ್ಲಿ ನೀರು ಗಾಳಿಗೆ ಲಂಬವಾಗಿ, ಉತ್ತರಾರ್ಧ ಗೋಳದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ ಸಾಗುತ್ತದೆ. ಪೆರು ದೇಶದ ಕರೆಯುದ್ದಕ್ಕೂ ಬೀಸುವ ಗಾಳಿಯು ಮೇಲುನೀರನ್ನು ಕಡಲ ಒಳಕ್ಕೆ ತಳ್ಳುವುದರಿಂದ ಆಳದ ತಣ್ಣೀರು ಮೇಲೇಳುತ್ತದೆ. ಅಲ್ಲಿ ಮೀನು ಹೇರಳ, ಮಳೆ ವಿರಳ. ಕಡಲ ಮಗ್ಗುಲಲ್ಲೇ ಮರುಭೂಮಿ! ನಾನ್ಸೆನ್ನನ ತಾಯ್ನಾಡಿನಲ್ಲಾದರೋ ಬೆಚ್ಚನೆಯ ಪ್ರವಾಹದ ದೆಸೆಯಿಂದ ಧ್ರುವವೃತ್ತದಾಚೆಯ ಬಂದರುಗಳೂ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ.

ಮೊದಲ ಮಹಾಯುದ್ಧದ ಬಳಿಕ ಆತನು ನಿರಾಶ್ರಿತರ ಸೇವೆಗೆ ನಿಂತನು. 1922ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದು, 1930ರಲ್ಲಿ ನಿಧನನಾದನು. ಫ್ರಾಂ ಹಡಗನ್ನು ಆಸ್ಲೊ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.