ಮಹಮೂದ್ ಗವಾನ್

ಇರಾನಿನ ಗೀಲಾನ್ ಪ್ರಾಂತದವನಾದ ಮಹಮೂದ್ ಗವಾನನು 1453ರಲ್ಲಿ ವ್ಯಾಪಾರಿಯಾಗಿ ಬೀದರಕ್ಕೆ ಬಂದು ಬಹಮನೀ ರಾಜ್ಯದ ಪ್ರಧಾನಿಯಾದನು. ಅಲ್ಲಿಯ ಪ್ರಸಿದ್ಧ ಮದರಸವನ್ನು ಕಟ್ಟಿಸಿದನು. ಸರದಾರರಲ್ಲಿ ಆಗ ದಖ್ಖನಿಗರು, ಪರದೇಶಿಗಳು ಎಂಬ ಎರಡು ಪಕ್ಷಗಳಿದ್ದವು. ಆಫ್ರಿಕದಿಂದ ಗುಲಾಮರಾಗಿ ಬಂದ ಹಬಶಿಗಳು ದಖ್ಖನಿಗರ ಕಡೆ ನಿಂತಿದ್ದರು. ತಾನು ಪರದೇಶಿಯಾದರೂ ಗವಾನನು ಉಭಯರಿಗೂ ಅಧಿಕಾರವನ್ನು ಸಮನಾಗಿ ಹಂಚಿದನು. ಆದರೆ ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಸರದಾರರ ಬಲವನ್ನು ಕುಗ್ಗಿಸಿದಾಗ ದ್ವೇಷವು ಹೊಗೆಯಾಡಿತು. ವಿರೋಧಿಗಳು ಅವನ ಮುದ್ರೆಯ ಕಾವಲಿನ ಹಬಶಿಯನ್ನು ಒಲಿಸಿಕೊಂಡು, ಒರಿಸ್ಸದ ಅರಸನಿಗೆ ಬರೆದಂತೆ ರಾಜದ್ರೋಹದ ಸುಳ್ಳು ಪತ್ರವನ್ನು ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದನು ವಿಚಾರಿಸದೆ 1481ರಲ್ಲಿ ಆ ವೃದ್ಧನ ತಲೆ ತೆಗೆಸಿದನು. ಮುಂದೆ ರಾಜ್ಯವು ಐದು ಹೋಳಾಯಿತು, ಅವುಗಳಲ್ಲೊಂದು ಗೋಲ್ಕೊಂಡ. ಆ ನೆಲದ ಬಾಲಾನಗರಕ್ಕೆ ಹೊಟ್ಟೆಪಾಡಿಗಾಗಿ ಬಂದ ನಾವೂ ಪರದೇಶಿಗಳೇ. ಒಳಗಿನವರು, ಹೊರಗಿನವರೆಂಬ ಭೇದವು ರಾಜ್ಯವನ್ನೇ ನುಂಗಿತೆಂಬುದನ್ನು ನಾವು ಮರೆಯಲಾಗದು.