ಹೆಮಿಂಗ್ವೇ ತಲೆಗೆ ಬಿದ್ದ ಪೆಟ್ಟುಗಳು: ಸ್ವಭಾವ ಬದಲಾದಾಗ ನೀವು ಗಮನಿಸಬೇಕಾದದ್ದು

ಯುದ್ಧದಲ್ಲಿ ತಲೆಗಾದ ಪೆಟ್ಟು ವರ್ಷಗಳ ನಂತರ ಸ್ವಭಾವವನ್ನು ಬದಲಿಸಬಲ್ಲದೇ? ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಅವರ ಬದುಕನ್ನು ನೋಡಿ.

1918ರ ಜುಲೈ. ರೆಡ್ ಕ್ರಾಸ್ ಸ್ವಯಂಸೇವಕರಾಗಿ ಇಟಲಿಯ ಯುದ್ಧಭೂಮಿಯಲ್ಲಿದ್ದ ಅವರಿಗೆ ಆಗ 18 ವರ್ಷ. ಸೈನಿಕರಿಗೆ ಚಾಕೊಲೇಟ್, ಸಿಗರೇಟ್ ಹಂಚುತ್ತಿದ್ದಾಗ ಪಕ್ಕದಲ್ಲೇ ಶೆಲ್ ಸಿಡಿದು ಪ್ರಜ್ಞೆ ತಪ್ಪಿತು. ಕಾಲಿಗೆ ಇನ್ನೂರಕ್ಕೂ ಹೆಚ್ಚು ಚೂರುಗಳು ಹೊಕ್ಕಿದ್ದವು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ನಡೆದದ್ದು ಕಾಲಿನ ಚಿಕಿತ್ಸೆ.

1944ರ ಮೇ ತಿಂಗಳಲ್ಲಿ ಯುದ್ಧ ವರದಿಗಾರರಾಗಿ ಲಂಡನ್ನಿನಲ್ಲಿದ್ದಾಗ ಕಾರು ಅಪಘಾತವಾಗಿ ತಲೆ ಗಾಜಿಗೆ ಬಡಿಯಿತು. ಕೆಲವೇ ದಿನಗಳಲ್ಲಿ ಆಸ್ಪತ್ರೆ ಬಿಟ್ಟರು, ಮದ್ಯ ಬಿಡಲಿಲ್ಲ. ಆಗಸ್ಟ್‌ನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮತ್ತೆ ತಲೆಗೆ ಪೆಟ್ಟು. ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಮರೆವು ತಿಂಗಳುಗಟ್ಟಲೆ ಕಾಡಿದವು. 1954ರ ಜನವರಿಯಲ್ಲಿ ಆಫ್ರಿಕಾದಲ್ಲಿ ಎರಡು ವಿಮಾನ ಅಪಘಾತಗಳು. ಉರಿಯುತ್ತಿದ್ದ ಎರಡನೇ ವಿಮಾನದಿಂದ ಹೊರಬರಲು ಬಾಗಿಲನ್ನು ತಲೆಯಿಂದಲೇ ಗುದ್ದಿದರು. ಆ ವರ್ಷ ನೊಬೆಲ್ ಬಂದರೂ ಸ್ವೀಕರಿಸಲು ಹೋಗಲಾಗಲಿಲ್ಲ.

ನಂತರ ಸಿಟ್ಟು, ಖಿನ್ನತೆ, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಭಯ ಹೆಚ್ಚಿದವು. 1961ರಲ್ಲಿ ಅಧ್ಯಕ್ಷ ಕೆನಡಿಯವರಿಗಾಗಿ ನಾಲ್ಕು ಸಾಲು ಬರೆಯಲು ದಿನಗಟ್ಟಲೆ ಒದ್ದಾಡಿದರು. ಅದೇ ಜುಲೈ 2ರಂದು ತಾವೇ ಪ್ರಾಣ ಕಳೆದುಕೊಂಡರು.

ಕಾರಣ ಒಂದೇ ಎನ್ನಲಾಗದು. ಕುಟುಂಬದಲ್ಲಿ ಖಿನ್ನತೆಯಿತ್ತು, ಮದ್ಯವಿತ್ತು. ಸರ್ಪಗಂಧದಿಂದ ಬಂದ ರಿಸರ್ಪಿನ್ ಎಂಬ ಬಿಪಿ ಮಾತ್ರೆಯೂ ಇತ್ತು. ಅದು ಖಿನ್ನತೆ ತರುತ್ತದೆಂಬ ಶಂಕೆ ಆಗಿನ ವೈದ್ಯರಿಗಿತ್ತು. ಪದೇ ಪದೇ ಬಿದ್ದ ಪೆಟ್ಟುಗಳೂ ಪಾತ್ರ ವಹಿಸಿರಬಹುದೆಂದು ಇಂದಿನ ಕೆಲವು ಮನೋವೈದ್ಯರ ವಾದ.

ನೀವು ಏನು ಮಾಡಬಹುದು?

ಅರ್ಧ ಗಂಟೆಗಿಂತ ಕಡಿಮೆ ಪ್ರಜ್ಞೆ ತಪ್ಪಿದರೆ, ಅಥವಾ ತಪ್ಪದೇ ಇದ್ದರೂ, ವೈದ್ಯರು ಸಾಮಾನ್ಯವಾಗಿ ಅದನ್ನು ‘ಲಘು’ ಗಾಯ ಎನ್ನುತ್ತಾರೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಸ್ಕ್ಯಾನ್ ನಾರ್ಮಲ್ ಬಂದರೂ ಕೆಲವರಲ್ಲಿ ಸಿಟ್ಟು, ನಿದ್ರೆಯ ತೊಂದರೆ, ಮರೆವು ಉಳಿಯುತ್ತವೆ.

ನಿಮ್ಮ ಮನೆಯಲ್ಲಿ ಸೈನಿಕರೋ ಮಾಜಿ ಸೈನಿಕರೋ ಇದ್ದರೆ, ತಲೆಗೆ ಬಿದ್ದ ಪ್ರತಿ ಪೆಟ್ಟನ್ನೂ ಸ್ಫೋಟದ ಹತ್ತಿರ ಇದ್ದದ್ದನ್ನೂ ಇಸವಿಯೊಂದಿಗೆ ಬರೆದಿಡಿ. ಸ್ವಭಾವ ಯಾವಾಗಿನಿಂದ ಬದಲಾಯಿತು, ಯಾವ ಮಾತ್ರೆಗಳು ನಡೆಯುತ್ತಿವೆ, ಮದ್ಯ ಎಷ್ಟು ಎಂಬುದನ್ನೂ ಸೇರಿಸಿ, ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು.